ನೆನಪು ಮುಂಬೈಯಲ್ಲಿ, ಧೂಳು ನನ್ನ ಮನೆಯಲ್ಲಿ

ಹಿರಿಯರು ಬಿಟ್ಟುಹೋದ ಸಾಮಾನುಗಳನ್ನು ಇಟ್ಟುಕೊಳ್ಳಬೇಕೋ ಕೊಡಬೇಕೋ ಎಂದು ತೀರ್ಮಾನಿಸುವ ಹಕ್ಕು ಯಾರದು? ನನ್ನ ಪ್ರಕಾರ ಅವನ್ನು ಒರೆಸುವವರದು. ಊರು ಬಿಟ್ಟು ಹೋದವರು ಎಷ್ಟೇ ಹತ್ತಿರದವರಾಗಿರಲಿ, ಎಷ್ಟೇ ಪ್ರೀತಿಯವರಾಗಿರಲಿ, ಅವರಿಗೆ ಅಭಿಪ್ರಾಯ ಇರಬಹುದು, ಹಕ್ಕು ಇಲ್ಲ. ಕೋಪ ಬಂದವರು ಮುಂದೆ ಓದಿ, ಇನ್ನೂ ಬರುತ್ತದೆ.

ಕರಾವಳಿಯ ಮನೆಗಳ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಮಕ್ಕಳಲ್ಲಿ ಒಬ್ಬರು ಮುಂಬೈ, ಒಬ್ಬರು ದುಬೈ, ಒಬ್ಬರು ಬೆಂಗಳೂರು, ಮಿಕ್ಕ ಒಬ್ಬರು ಮನೆಯಲ್ಲಿ. ನಮ್ಮಲ್ಲಿ ಆ ಮಿಕ್ಕ ಒಬ್ಬಳು ನಾನು. ಕಾಪುವಿನ ಹತ್ತಿರದ ಹಂಚಿನ ಮನೆಯಲ್ಲಿ ಈಗ ಉಣ್ಣುವವರು ನಾನು ಮತ್ತು ನನ್ನ ಗಂಡ. ಅಟ್ಟದ ಮೇಲಿರುವ ಪಾತ್ರೆಗಳು ಮಾತ್ರ ಮೂವತ್ತು ಜನರ ಸಂಸಾರದವು. ಒಬ್ಬಳೇ ಎತ್ತಲಾಗದ ಹಂಡೆ, ಕಂಚಿನ ಹರಿವಾಣಗಳು, ಮಾವಿನಮಿಡಿ ಹಾಕುತ್ತಿದ್ದ ಭರಣಿಗಳು, ಹೆರೆಮಣೆ, ಸೇಮಿಗೆ ಮಣೆ, ಒನಕೆ, ಅಕ್ಕಿ ಅಳೆಯುವ ಕಳಸೆ, ಸೇರು, ಪಾವು. ಅಂಗಳದ ಬದಿಯಲ್ಲಿ ಕಡೆಯುವ ಕಲ್ಲು.

ದೂರದಲ್ಲಿ ಕುಳಿತವರಿಗೆ ತಾಮ್ರ ಎಂದರೆ ಫೋಟೋದಲ್ಲಿ ಹೊಳೆಯುವ ಬಣ್ಣ. ಇಲ್ಲಿರುವವರಿಗೆ ಅದು ಕೆಲಸ. ನಮ್ಮ ಮಳೆಗಾಲದಲ್ಲಿ ಮರದ ಪೆಟ್ಟಿಗೆಗೆ ಬೂಷ್ಟು ಹಿಡಿಯಲು ಒಂದು ವಾರ ಸಾಕು. ತಾಮ್ರ, ಹಿತ್ತಾಳೆಗೆ ಕಿಲುಬು ಹತ್ತಲು ಮಳೆಗಾಲವೇ ಬೇಕೆಂದಿಲ್ಲ, ಸಮುದ್ರದ ಗಾಳಿಯೊಂದೇ ಸಾಕು. ಬಿಂಬುಳಿ ಅಥವಾ ಹುಣಸೆಹುಳಿ ಹಾಕಿ, ಬೂದಿ ಸೇರಿಸಿ, ಮೊಣಕಾಲೂರಿ ತಿಕ್ಕಬೇಕು. ಹಾಗೆ ತಿಕ್ಕಿದ ಪಾತ್ರೆಯಲ್ಲಿ ಅಡುಗೆ ಮಾಡೋಣವೆಂದರೆ ಒಳಗಿನ ಕಲಾಯಿ ಹೋಗಿ ಎಷ್ಟೋ ಕಾಲವಾಗಿದೆ. ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ಪದಾರ್ಥ ಮಾಡಿದರೆ ಅದು ವಿಷ. ಮನೆ ಮನೆಗೆ ಬಂದು ಕಲಾಯಿ ಹಾಕುತ್ತಿದ್ದವರು ನಮ್ಮ ಕಡೆ ಬರುವುದನ್ನು ನಿಲ್ಲಿಸಿದ್ದಾರೆ. ಹಾಗಾದರೆ ತಿಕ್ಕುವುದು ಯಾಕೆ? ಮುಂದಿನ ವರ್ಷ ಪುನಃ ತಿಕ್ಕಲು.

ನಮ್ಮದು ಅಳಿಯಸಂತಾನದ ಮನೆ. ಆಸ್ತಿ ಹೆಣ್ಣಿನ ಕಡೆಯಿಂದ ಬರುತ್ತದೆ ಎಂದು ಕೇಳಿ ಘಟ್ಟದ ಮೇಲಿನವರು ಬೆರಗಾಗುತ್ತಾರೆ. ಯಜಮಾನಿಕೆ ಹೆಚ್ಚಾಗಿ ಸೋದರಮಾವಂದಿರ ಕೈಯಲ್ಲಿತ್ತು, ಹಂಡೆ ಮಾತ್ರ ಹೆಂಗಸರ ಕೈಯಲ್ಲಿತ್ತು ಎಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರುಗಳು, ಅಂದರೆ ಕುಟುಂಬದ ಕವಲುಗಳು, ತಮ್ಮ ತಮ್ಮ ಪಾಲು ಕೇಳುವ ಹಾಗಾಯಿತು. ಗದ್ದೆ ಪಾಲಾಯಿತು, ತೋಟ ಪಾಲಾಯಿತು. ಗದ್ದೆಗೆ ಗಡಿಕಲ್ಲು ಹಾಕಬಹುದು, ಹಂಡೆಗೆ ಹಾಕಲಾಗುವುದಿಲ್ಲವಲ್ಲ. ಹಾಗಾಗಿ ಪಾಲಾಗದ್ದೆಲ್ಲ ಅಟ್ಟಕ್ಕೆ ಏರಿತು.

ಇನ್ನು ನಮ್ಮ ಪತ್ತಾಯದ, ಅಂದರೆ ಅಕ್ಕಿ ತುಂಬಿಡುವ ದೊಡ್ಡ ಪೆಟ್ಟಿಗೆಯ, ವಿಷಯ. ಹಲಸಿನ ಹಲಗೆಯದು, ಒಬ್ಬ ಮನುಷ್ಯ ಒಳಗೆ ಮಲಗುವಷ್ಟು ದೊಡ್ಡದು. ನನ್ನ ಅಣ್ಣನಿಗೆ ಅದರ ಮೇಲೆ ಎಲ್ಲಿಲ್ಲದ ಮಮತೆ. "ಅದು ನಮ್ಮ ಮನೆಯ ಲಕ್ಷ್ಮಿ, ಮುಟ್ಟಬೇಡ" ಎನ್ನುತ್ತಾನೆ, ಅದೂ ಮುಂಬೈ ಪಕ್ಕದ ಡೊಂಬಿವಿಲಿಯಿಂದ. ನಾನು ನೆನಪಿಸಬೇಕಾಯಿತು: 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಒಕ್ಕಲಿನವರು ತಾವು ಉಳುವ ಗದ್ದೆ ತಮಗಾಗಬೇಕೆಂದು ಡಿಕ್ಲರೇಶನ್ ಕೊಟ್ಟ ಮೇಲೆ ಗೇಣಿಯ ಮುಡಿಗಳು ನಮ್ಮ ಅಂಗಳಕ್ಕೆ ಬರುವುದು ನಿಂತಿತು. ಒಂದು ಮುಡಿ ಎಂದರೆ 42 ಸೇರು ಅಕ್ಕಿ, ಬೈಹುಲ್ಲಿನಲ್ಲಿ ಕಟ್ಟಿದ್ದು. ಅಂದಿನಿಂದ ಪತ್ತಾಯದಲ್ಲಿ ಲಕ್ಷ್ಮಿ ಇಲ್ಲ, ಹಳೆಯ ಉದಯವಾಣಿಗಳಿವೆ, ಹರಿದ ಚಾಪೆಗಳಿವೆ, ಇಲಿಗಳಿವೆ. ಅದು ತುಂಬಿದ್ದ ಕಾಲದಲ್ಲೂ ಒಳಗಿದ್ದದ್ದು ನಮ್ಮ ಬೆವರಲ್ಲ. ಆ ಅಕ್ಕಿ ಹೊತ್ತು ತಂದವರ ಮನೆಯಲ್ಲಿ ಪತ್ತಾಯವೇ ಇರಲಿಲ್ಲ. ಹಳೆಯ ಮರದ ಸಾಮಾನು ಕಂಡು ಕಣ್ಣೀರು ತುಂಬಿಕೊಳ್ಳುವಾಗ ಇಷ್ಟಾದರೂ ನೆನಪಿರಲಿ ಎಂದು ನನ್ನ ಆಸೆ.

ಆ ಮಾತು ಅಣ್ಣನಿಗೆ ಸೇರಲಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದ. ಅದೇ ಗುಂಪಿನಲ್ಲಿ ನಾನೊಂದು ನಿಯಮ ಹಾಕಿದೆ. ಒಂದೊಂದೇ ಸಾಮಾನಿನ ಫೋಟೋ ಹಾಕುತ್ತೇನೆ. "ಕೊಡಬೇಡ" ಎಂದು ಬರೆದವರು ದೀಪಾವಳಿಯ ಒಳಗೆ ಬಂದು ಕೊಂಡುಹೋಗಬೇಕು. ಲಾರಿ ಬಾಡಿಗೆ ಅವರದ್ದೇ. ನೆನಪಿದೆ ಎನ್ನುವುದಕ್ಕೆ ಇಲ್ಲಿ ಬೆಲೆಯಿಲ್ಲ, ಜಾಗವಿದೆ ಎನ್ನುವುದಕ್ಕೆ ಇದೆ.

ಅಲ್ಲಿಯವರೆಗೆ ಪ್ರತಿ ಚೆಂಬಿಗೂ ಒಂದು ಹೃದಯದ ಚಿತ್ರ ಬರುತ್ತಿತ್ತು. ಲಾರಿಯ ಮಾತು ಬಂದದ್ದೇ ತಡ, ಗುಂಪಿನಲ್ಲಿ ಶುಭೋದಯದ ಸಂದೇಶಗಳು ಸಹ ನಿಂತವು. ಅಕ್ಕ ದುಬೈಯಿಂದ ಫೋನ್ ಮಾಡಿ, "ನಿನಗೆ ಅಮ್ಮನ ಮೇಲೆ ಸ್ವಲ್ಪವೂ ಪ್ರೀತಿ ಇಲ್ಲವಾ?" ಎಂದು ಕೇಳಿದಳು. "ಅಮ್ಮನ ಕೊನೆಯ ಎರಡು ವರ್ಷ ಹಾಸಿಗೆಯ ಪಕ್ಕ ಇದ್ದದ್ದು ನಾನು, ಅಕ್ಕಾ. ಹಂಡೆ ಅಲ್ಲ" ಎಂದೆ. ಗಟ್ಟಿ ಮಾತೇ. ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಿಲ್ಲ.

ನಿಜವಾಗಿ ಬಂದು ಕೊಂಡುಹೋದವಳು ಬೆಂಗಳೂರಿನಲ್ಲಿರುವ ತಮ್ಮನ ಮಗಳು. ಅವಳಿಗೆ ಬೇಕಾಗಿದ್ದದ್ದು ಹೆರೆಮಣೆ ಮತ್ತು ಅಜ್ಜಿಯ ಉಡುಪಿ ಸೀರೆಗಳು. ಆ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿತೆಂದು ಹುಡುಗಿ ನನಗೇ ಪಾಠ ಹೇಳಿದಳು. ಈಗ ಕಚೇರಿಗೆ ಉಟ್ಟುಕೊಂಡು ಹೋಗುತ್ತಾಳಂತೆ. ಹೆರೆಮಣೆಯಲ್ಲಿ ಕಾಯಿ ಹೆರೆಯುತ್ತಾಳೋ ಇಲ್ಲವೋ, ನಾನು ಕೇಳಲಿಲ್ಲ.

ಕೊಡುವವರಿಗೆ ಒಂದು ಎಚ್ಚರಿಕೆ. ಗುಜರಿಯವರನ್ನು ಕರೆಯುವ ಮೊದಲು ಪ್ರತಿಯೊಂದು ಪೆಟ್ಟಿಗೆಯ ತಳ ನೋಡಿ, ಕಪಾಟಿನಲ್ಲಿ ಹಾಸಿದ ಕಾಗದವನ್ನು ಸಹ ಎತ್ತಿ ನೋಡಿ. ನಮ್ಮ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿತ್ತು. ಆ ಕಾಲದ ಅಡಂಗಲ್ ಎಂಬ ಜಮೀನಿನ ಲೆಕ್ಕಪತ್ರ, ಪಾಲುಪಟ್ಟಿ, ಆಮೇಲಿನ ಭೂ ನ್ಯಾಯಮಂಡಳಿಯ ಆದೇಶ, ಇವೆಲ್ಲ ಸಿಗುವುದು ಇಂಥ ಜಾಗಗಳಲ್ಲೇ. ಇದು ನೆನಪಲ್ಲ, ದಾಖಲೆ. ಇವನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಹಾಗೆಯೇ ಪಾಸ್‌ಬುಕ್‌ಗಳು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು ಎಷ್ಟು! ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಎಂಬ ದಿನದಿನದ ಸಣ್ಣ ಉಳಿತಾಯ ಶುರು ಮಾಡಿದ್ದರಿಂದ ಆಣೆ ಲೆಕ್ಕದಲ್ಲಿ ಉಳಿಸಿದ ಪುಸ್ತಕಗಳು ಹಳೆಯ ಮನೆಗಳಲ್ಲಿ ಈಗಲೂ ಇವೆ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದ ಒಳಗೆ ಸೇರಿತು. ಮರುವರ್ಷ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಬೋರ್ಡು ಹೋಯಿತೆಂದು ಹಣ ಹೋಗಿರುವುದಿಲ್ಲ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ವಾರಸುದಾರರು ಕೇಳಿ ಪಡೆಯಬಹುದು. 2023ರಲ್ಲಿ ಬಂದ ರಿಸರ್ವ್ ಬ್ಯಾಂಕಿನ ಉದ್ಗಮ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು.

ದೇವರ ಪಟಗಳ ಬಗ್ಗೆ ಒಂದೇ ಮಾತು. ಗಾಜು ಒಡೆದ ಪಟವನ್ನು ಅಶ್ವತ್ಥಕಟ್ಟೆಯಲ್ಲಿ ಇಟ್ಟು ಹೋದರೆ ಪಾಪ ಕಳೆಯುವುದಿಲ್ಲ, ಕಟ್ಟೆ ಗುಡಿಸುವವರ ಕೈ ಕೊಯ್ಯುತ್ತದೆ.

"ಮ್ಯೂಸಿಯಂಗಾದರೂ ಕೊಡು" ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಉರುಳಿಹೋಗಲಿದ್ದ ಮನೆಗಳನ್ನೇ ಬಿಚ್ಚಿ ತಂದು ಪುನಃ ನಿಲ್ಲಿಸಿದರು. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ನಮ್ಮ ಬದುಕಿನ ಸಾಮಾನುಗಳೆಲ್ಲ ಕಾಣಸಿಗುತ್ತವೆ. ಆ ಕೆಲಸ ದೊಡ್ಡದು, ಅದಕ್ಕೆ ನನ್ನ ನಮಸ್ಕಾರ. ಆದರೆ ಕಳಸೆ ಹೇಗಿರುತ್ತದೆ ಎಂದು ಮೊಮ್ಮಕ್ಕಳಿಗೆ ತೋರಿಸಲು ಒಂದು ಕಳಸೆ ಸಾಕು. ಊರಿನ ಪ್ರತಿಯೊಂದು ಅಟ್ಟವೂ ಅದನ್ನು ಕಾದು ಕುಳಿತುಕೊಳ್ಳಬೇಕಾಗಿಲ್ಲ. ಪತ್ತಾಯ ಯಾವುದೋ ರೆಸಾರ್ಟಿನ ಸ್ವಾಗತ ಮೇಜಾದರೂ ನನಗೆ ಬೇಸರವಿಲ್ಲ. ಅಲ್ಲಿ ಅದನ್ನು ಒರೆಸುವವರಿಗೆ ಸಂಬಳವಾದರೂ ಸಿಗುತ್ತದೆ. ಹಾಗೆ ಮಾರುವುದಿದ್ದರೆ ಒಂದು ಉಪಾಯ: ಮರಕ್ಕೂ ಲೋಹಕ್ಕೂ ಬೇರೆ ಬೇರೆ ಜನರನ್ನು ಕರೆಯಿರಿ. ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಬೀಟೆಯ ಕುರ್ಚಿ ಕೂಡ ಗುಜರಿಯ ಲೆಕ್ಕಕ್ಕೆ ಹೋಗುತ್ತದೆ.

ಪತ್ತಾಯಕ್ಕೆ ಅಣ್ಣನ ಗಡುವು ಇನ್ನೂ ಮುಗಿದಿಲ್ಲ, ಅದನ್ನು ಯಾರೂ ಕೇಳಬೇಡಿ. ಯಾರೂ ಒಪ್ಪಿಕೊಳ್ಳದ ಭರಣಿಗಳು ಮತ್ತು ಕಡೆಯುವ ಕಲ್ಲು ಕೊಡುವುದಕ್ಕಿವೆ. ನನ್ನ ಪರಿಚಯದವರಲ್ಲಿ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ದುಡ್ಡು ಬೇಡ. ಭರಣಿ ಒಬ್ಬರೇ ಹಿಡಿದುಕೊಂಡು ಹೋಗಬಹುದು. ಕಲ್ಲು ಬೇಕೆನ್ನುವವರು ಗಟ್ಟಿ ಆಳುಗಳನ್ನು ಜೊತೆಗೆ ತನ್ನಿ. ನನ್ನ ಗಂಡನಿಗೆ ಸೊಂಟ ನೋವು.