ಮ್ಯಾಪ್‌ಗೆ ಬಣ್ಣ ತುಂಬಿದ ಮಾತ್ರಕ್ಕೆ ಸ್ಪೇಷಿಯಲ್ ಅನಾಲಿಸಿಸ್ ಆಗಲ್ಲ

"ಜಿಐಎಸ್‌ನಲ್ಲಿ ಸ್ಪೇಷಿಯಲ್ ಅನಾಲಿಸಿಸ್ ಅಂದರೆ ಡೇಟಾನ ಮ್ಯಾಪ್ ಮೇಲೆ ತೋರಿಸೋದು, ಅಷ್ಟೇ" ಅನ್ನೋ ಮಾತು ಸುಮಾರು ಕಡೆ ಓಡಾಡುತ್ತಿದೆ. (ಜಿಐಎಸ್ ಅಂದರೆ ಯಾವುದು ಎಲ್ಲಿದೆ ಅನ್ನೋ ಡೇಟಾನ ಕಂಪ್ಯೂಟರ್‌ನಲ್ಲಿ ಇಟ್ಟು ಬಳಸುವ ವ್ಯವಸ್ಥೆ; ಸ್ಪೇಷಿಯಲ್ ಅನಾಲಿಸಿಸ್ ಅಂದರೆ ಜಾಗ, ದೂರಗಳನ್ನು ಲೆಕ್ಕ ಹಾಕಿ ಪ್ರಶ್ನೆಗೆ ಉತ್ತರ ಹುಡುಕೋದು.) ತಪ್ಪು. ತೋರಿಸುವುದು ಬೇರೆ, ಲೆಕ್ಕ ಹಾಕುವುದು ಬೇರೆ.

ಆಸ್ಪತ್ರೆಗಳನ್ನು ಚುಕ್ಕೆಗಳಾಗಿ ಹಾಕಿದರೆ ಅದು ಬರೀ ಮ್ಯಾಪ್. ಪ್ರತಿ ಆಸ್ಪತ್ರೆಯ ಸುತ್ತ 5 ಕಿ.ಮೀ. ಬಫರ್ (ಅಷ್ಟು ದೂರದವರೆಗಿನ ವಲಯ) ಎಳೆದು, ಅದನ್ನು ಜನಸಂಖ್ಯೆಯ ಲೇಯರ್ ಮೇಲೆ ಕೂರಿಸಿ, ಆ ವ್ಯಾಪ್ತಿಯ ಹೊರಗೆ ಎಷ್ಟು ಜನ ಉಳಿದರು ಅಂತ ಕಂಡುಹಿಡಿದರೆ ಅದು ಅನಾಲಿಸಿಸ್. ಉತ್ತರ ಬರೀ ಒಂದು ಅಂಕಿಯಾಗಿ ಬಂದರೂ ಸಾಕು, ಮ್ಯಾಪ್ ಬೇಕೇ ಬೇಕು ಅಂತೇನಿಲ್ಲ. (ಬಫರ್ ಅಳೆಯುವುದು ನೇರ ದೂರ. ನಡುವೆ ನದಿ ಇದ್ದು ಸೇತುವೆ ಇಲ್ಲದಿದ್ದರೆ ರಸ್ತೆಗಳ ಮೇಲೆ ದೂರ ಅಳೆಯುವ ನೆಟ್‌ವರ್ಕ್ ಅನಾಲಿಸಿಸ್ಸೇ ಬೇಕು.)

"ಸಾಫ್ಟ್‌ವೇರ್ ಎಲ್ಲ ನೋಡಿಕೊಳ್ಳುತ್ತೆ" ಅನ್ನುವುದನ್ನೂ ಸುಮ್ನೆ ನಂಬಬೇಡಿ. ಡೇಟಾ ಅಕ್ಷಾಂಶ-ರೇಖಾಂಶದಲ್ಲಿದ್ದಾಗ ಬಫರ್‌ಗೆ 5 ಅಂತ ಕೊಟ್ಟರೆ ಎಷ್ಟೋ ಟೂಲ್‌ಗಳು ಅದನ್ನು 5 ಡಿಗ್ರಿ ಅಂದುಕೊಳ್ಳುತ್ತವೆ, ಅಂದರೆ ಭೂಮಧ್ಯರೇಖೆಯ ಹತ್ತಿರ 550 ಕಿ.ಮೀ.ಗಿಂತ ಜಾಸ್ತಿ! ನಾನೂ ಒಮ್ಮೆ ಹೀಗೆ ಮಾಡಿ, ಸ್ಕ್ರೀನ್ ಪೂರ್ತಿ ಒಂದೇ ಬಣ್ಣವಾದಾಗ ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡಿದ್ದೆ. ಮೊದಲು ಡೇಟಾನ ಮೀಟರ್‌ನಲ್ಲಿ ಅಳೆಯುವ ಪ್ರೊಜೆಕ್ಷನ್‌ಗೆ (ಗುಂಡಗಿನ ಭೂಮಿಯನ್ನು ಚಪ್ಪಟೆ ಮ್ಯಾಪ್‌ಗೆ ಇಳಿಸುವ ವಿಧಾನಕ್ಕೆ), ಉದಾಹರಣೆಗೆ ಯುಟಿಎಂಗೆ, ಬದಲಿಸಿಕೊಳ್ಳಿ. ಬಫರ್ ಆಮೇಲೆ.