ಮಾತು, ಟ್ಯೂನ್ ಎರಡೂ ಒಬ್ಬರೇ ಮಾಡಬೇಕಾ?

ಪರ

ನಮ್ಮ ಸಿನಿಮಾ ಹಾಡು ಹೆಚ್ಚಾಗಿ ಹುಟ್ಟೋದು ಹೀಗೆ. ಮೊದಲು ಟ್ಯೂನ್ ಬರುತ್ತದೆ. ಸಂಗೀತ ನಿರ್ದೇಶಕರು ‘ಲಾಲಲಾ’ ಅಂತಲೋ, ಬಾಯಿಗೆ ಬಂದ ಡಮ್ಮಿ ಸಾಲಿನಲ್ಲೋ ಹಾಡಿ ಕೊಡುತ್ತಾರೆ. ಬರೆಯುವವರು ಅದನ್ನು ಹತ್ತಾರು ಸಲ ಕೇಳಿ, ಎಲ್ಲಿ ಎಳೆಯಬೇಕು, ಎಲ್ಲಿ ಮೊಟಕು ಮಾಡಬೇಕು ಅಂತ ಬೆರಳು ಮಡಚಿ ಪದ ಕೂರಿಸುತ್ತಾರೆ. ‘ಮನಸ್ಸು’ ಕೂರಲಿಲ್ಲ ಅಂದರೆ ಒತ್ತು ಉದುರಿ ‘ಮನಸು’ ಆಗುತ್ತದೆ. ಬಗ್ಗುವ ಸರದಿ ಯಾವಾಗಲೂ ಮಾತಿನದೇ.

ಎರಡೂ ಒಬ್ಬರ ಕೈಲಿದ್ದರೆ ಟ್ಯೂನೂ ಬಗ್ಗುತ್ತದೆ. ಒಳ್ಳೆ ಸಾಲು ಹೊಳೆಯಿತಾ, ಅದಕ್ಕೋಸ್ಕರ ಒಂದು ಸ್ವರ ಬಿಟ್ಟರಾಯಿತು. ಯಾರನ್ನೂ ಕೇಳಬೇಕಿಲ್ಲ. 1987ರ ‘ಪ್ರೇಮಲೋಕ’ವನ್ನೇ ನೋಡಿ. ಬರೆದವರೂ ಹಂಸಲೇಖ, ರಾಗ ಹಾಕಿದವರೂ ಹಂಸಲೇಖ. ಕಾಲೆಳೆಯೋದು, ಮುನಿಸಿಕೊಳ್ಳೋದು ಎಲ್ಲ ಹಾಡಿನಲ್ಲೇ ನಡೆಯುತ್ತದೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋದು ಕಷ್ಟ. ಇಬ್ಬರು ಕೂತು ಚೌಕಾಶಿ ಮಾಡಿದ್ದರೆ ಈ ಸಲೀಸುತನ ಬರುತ್ತಿತ್ತಾ? ನನಗಂತೂ ಅನುಮಾನ.

1993ರಲ್ಲಿ ‘ಆಕಸ್ಮಿಕ’ಕ್ಕಾಗಿ ರಾಜ್‌ಕುಮಾರ್ ಹಾಡಿದ ‘ಹುಟ್ಟಿದರೆ ಕನ್ನಡ ನಾಡಲ್ಲಿ’ ಕೂಡ ಹೀಗೇ. ಸುಮ್ನೆ ಆ ಸಾಲನ್ನು ರಾಗ ಬಿಟ್ಟು ಜೋರಾಗಿ ಓದಿ ನೋಡಿ. ತಾಳ ತಾನಾಗಿ ಬೀಳುತ್ತದೆ. ನವೆಂಬರ್ 1ಕ್ಕೆ ಬೀದಿ ಬೀದಿಯ ಮೈಕಿನಲ್ಲಿ ಅದು ಇನ್ನೂ ಕೇಳುತ್ತಿರೋದು ಅದಕ್ಕೇ.

ವಿರೋಧ

ಸರಿ, ಹಂಸಲೇಖ ಇದ್ದಾರೆ. ವಿ. ಮನೋಹರ್ ಕೂಡ ಎರಡೂ ಮಾಡಿದವರು. ಹಾಗಂತ ಟ್ಯೂನ್ ಹಾಕುವವರೆಲ್ಲ ಪೆನ್ನು ಹಿಡಿದರೆ ಏನಾಗುತ್ತದೆ? ಡಮ್ಮಿ ಸಾಲೇ ಕೊನೆಯ ಸಾಲಾಗಿ ಉಳಿಯುತ್ತದೆ. ‘ಇದು ಸಾಲದು, ಇನ್ನೊಂದು ಬರೀರಿ’ ಅನ್ನೋಕೆ ಎದುರಿಗೆ ಯಾರೂ ಇರಲ್ಲ. ಅಭಿಮಾನಿಯಾಗಿಯೇ ಹೇಳುತ್ತೇನೆ, ಹಂಸಲೇಖರಲ್ಲೂ ಕೆಲವು ಕಡೆ ಪ್ರಾಸ ಬರೀ ಪ್ರಾಸಕ್ಕೋಸ್ಕರ ಬಂದಿದೆ. ಎದುರಿಗೊಬ್ಬರು ಮುಖ ಸಿಂಡರಿಸಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು.

ಚಿ. ಉದಯಶಂಕರ್ ಟ್ಯೂನ್ ಹಾಕುವ ಗೋಜಿಗೆ ಹೋಗಲಿಲ್ಲ. ರಾಜನ್-ನಾಗೇಂದ್ರ ಜೊತೆ ಅವರು ಬರೆದ ಹಾಡಿನ ಲಯವೇ ಬೇರೆ. ಉಪೇಂದ್ರ ಕುಮಾರ್ ಸಂಗೀತಕ್ಕೆ ಬರೆದ ‘ನಾದಮಯ’ದ ಗತ್ತೇ ಬೇರೆ. ಅದನ್ನು ಹಾಡಿ ರಾಜ್‌ಕುಮಾರ್ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಪೆನ್ನು ಒಂದೇ ಆದರೂ ಜೊತೆಗಾರರು ಬದಲಾದ ಹಾಗೆ ದನಿ ಬದಲಾಯಿತು. ಒಬ್ಬರೇ ಕೂತು ಮಾಡಿದರೆ ಇಷ್ಟೊಂದು ದನಿ ಎಲ್ಲಿಂದ ತರೋದು?

ಇನ್ನು ಆ ‘ಬಗ್ಗುವ’ ಮಾತು. 2006ರ ‘ಮುಂಗಾರು ಮಳೆ’ಯ ‘ಅನಿಸುತಿದೆ’ ತಗೊಳ್ಳಿ. ಟ್ಯೂನ್ ಮನೋಮೂರ್ತಿಯವರದು, ಸಾಹಿತ್ಯ ಜಯಂತ ಕಾಯ್ಕಿಣಿಯವರದು. ಬರವಣಿಗೆಯಲ್ಲಿ ಆದರೆ ಅದು ‘ಅನಿಸುತ್ತಿದೆ’. ಹಾಡಿನಲ್ಲಿ ಒತ್ತು ಉದುರಿದೆ. ಮಾತು ಬಗ್ಗಿತಲ್ಲಾ ಅಂತ ಅಳಬೇಕಾ? ಒತ್ತು ಹಾಕಿ ಒಮ್ಮೆ ಹಾಡಿ ನೋಡಿ. ಆ ಹುಡುಗನ ಅರ್ಧ ಹಿಂಜರಿಕೆ ಅಲ್ಲೇ ಹೊರಟು ಹೋಗುತ್ತದೆ. ಅಲ್ವಾ?

ಅದನ್ನು ಬರೆದವರು ಮೂಲತಃ ಕಥೆಗಾರರು ಅನ್ನೋದೂ ನೆನಪಿರಲಿ. ಟ್ಯೂನ್ ಹಾಕುವವರೇ ಬರೆದುಕೊಳ್ಳುವ ರೂಢಿ ಇದ್ದಿದ್ದರೆ, ಅಂಥವರನ್ನು ಕರೆಯುವ ಫೋನ್ ಕಾಲ್ ಯಾಕೆ ಹೋಗುತ್ತಿತ್ತು?