ಅವರಿಗೆ ಆ ಸಿನಿಮಾ ಇಷ್ಟವಂತೆ

ಚಿಕ್ಕಮಗಳೂರಿನಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟು ಹಿಡಿದವರು ನಮ್ಮ ಕಡೆಯ ಹಿರಿಯ ಕಾಫಿ ಬೆಳೆಗಾರರು. ಹೆಸರು ಬೇಡ. ಮುಳ್ಳಯ್ಯನಗಿರಿಯ ಮೇಲೆ ಮೋಡ ಕೂತ ರೀತಿ ನೋಡಿಯೇ ಕಾಫಿಗೆ ಹೂ ಬಿಡಿಸುವ ಹೂಮಳೆ ಬರುತ್ತದೋ ಇಲ್ಲವೋ ಹೇಳಬಲ್ಲವರು. ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ತಗುಲಿದರೆ ಊರಿನ ಅರ್ಧ ಜನ ಇವರ ಮನೆಯ ಜಗಲಿಯಲ್ಲಿರುತ್ತಾರೆ. ಬೇಲೂರು ಬರುವವರೆಗೂ ಅವರ ಮೇಲೆ ನನಗಿದ್ದ ಗೌರವಕ್ಕೆ ಯಾವ ಕುಂದೂ ಇರಲಿಲ್ಲ. ಬೇಲೂರು ದಾಟಿದ ಮೇಲೆ ಅವರು ಮೊಬೈಲ್ ತೆಗೆದು ‘ಭೂತಯ್ಯನ ಮಗ ಅಯ್ಯು’ ಹಾಕಿಕೊಂಡರು. ನನಗೆ ಹಿಗ್ಗಾಯಿತು. ಬಗ್ಗಿ ನೋಡಿದರೆ, ಪರದೆಯ ಮೇಲಿದ್ದವರೆಲ್ಲ ಕಟ್ಟಿರುವೆ ಕಚ್ಚಿದವರಂತೆ ಓಡಾಡುತ್ತಿದ್ದಾರೆ. ಮಹಾನುಭಾವರು ಸಿನಿಮಾವನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಿದ್ದರು!

“ಕಥೆ ಗೊತ್ತಾದರೆ ಸಾಕಲ್ಲ” ಎಂದರು.

ಸಿದ್ದಲಿಂಗಯ್ಯನವರ ಈ ಚಿತ್ರ 1974ರದು. ಕಥೆ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರದು, ಚಿತ್ರೀಕರಣ ನಡೆದದ್ದು ಚಿಕ್ಕಮಗಳೂರಿನ ಕಳಸಾಪುರದಲ್ಲಿ. ಅಂದರೆ ಬಸ್ಸು ಹೊರಟ ಜಿಲ್ಲೆಗೂ ಅದು ತಲುಪುವ ಜಿಲ್ಲೆಗೂ ಸಮಪಾಲಿರುವ ಸಿನಿಮಾ. ಬೇರೆ ಯಾವುದನ್ನಾದರೂ ಓಡಿಸಿಕೊಂಡು ನೋಡಲಿ, ನನ್ನ ತಕರಾರಿಲ್ಲ. ಈಚಿನ ಎಷ್ಟೋ ಚಿತ್ರಗಳಿಗೆ ಅದೊಂದು ಉಪಕಾರವೇ. ಆದರೆ ಇದರಲ್ಲಿ ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯವಿದೆ. ಅದೊಂದರಿಂದಲೇ ಅವರು ಬದುಕಿನುದ್ದಕ್ಕೂ ಉಪ್ಪಿನಕಾಯಿ ಲೋಕನಾಥ್ ಆಗಿಬಿಟ್ಟರು. ಉಪ್ಪಿನಕಾಯಿ ತಿನ್ನುವುದೆಂದರೆ ಅವಸರದ ಕೆಲಸವೇ? ನೋಡುವವನ ಬಾಯಲ್ಲಿ ನೀರೂರುವುದಕ್ಕೂ ಸ್ವಲ್ಪ ಹೊತ್ತು ಬೇಡವೇ? ಇವರು ಅದನ್ನು ಔಷಧದ ಗುಳಿಗೆ ನುಂಗಿಸಿದ ಹಾಗೆ ಮುಗಿಸಿದರು.

ಅಂದಿನಿಂದ ನನಗೆ, ಗಿಡಬಳ್ಳಿಗೆ ರೋಗ ತಗುಲದಂತೆ ಸಿಂಪಡಿಸುವ ಅವರ ಬೋರ್ಡೋ ದ್ರಾವಣದ ಮೇಲೂ ಅನುಮಾನ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೆರೆಸಿದ ಮೇಲೆ ಚಾಕುವಿನ ಅಲಗು ಅದ್ದಿ ನೋಡಬೇಕು, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಇದನ್ನೆಲ್ಲ ನನಗೆ ಕಲಿಸಿದವರೇ ಅವರು. ಆದರೆ ಲೋಕೇಶ್, ವಿಷ್ಣುವರ್ಧನ್ ಇಬ್ಬರನ್ನೂ ಕೀಚಲು ದನಿಯಲ್ಲಿ ಮಾತನಾಡಿಸಿದ ಮನುಷ್ಯ, ಆ ಅಲಗನ್ನು ತಕ್ಕಷ್ಟು ಹೊತ್ತು ಅದ್ದಿ ಹಿಡಿಯುತ್ತಾರೆಂದು ಹೇಗೆ ನಂಬುವುದು? ಈ ವರ್ಷ ಮುಂಗಾರಿಗೆ ಮೊದಲಿನ ಸಿಂಪಡಣೆಗೆ ಬೇರೆಯವರನ್ನು ಕೇಳಿದೆ.

ಇರಲಿ. ನಾನು ಹಾಸನದ ಬಸ್ಸು ಹತ್ತಿದ್ದೇ ಇಂಥದೇ ಇನ್ನೊಂದು ಕಾರಣಕ್ಕೆ. ಹಲ್ಲು ತೋರಿಸಲು. ಚಿಕ್ಕಮಗಳೂರಿನಲ್ಲಿ ಹಲ್ಲಿನ ವೈದ್ಯರಿಗೆ ಬರವೇ ಎಂದು ಎಲ್ಲರೂ ಕೇಳುತ್ತಾರೆ. ಬರವಿಲ್ಲ. ನನಗೆ ಬಹಳ ಒಳ್ಳೆಯ ವೈದ್ಯರೊಬ್ಬರಿದ್ದರು. ಹಗುರವಾದ ಕೈ, ನ್ಯಾಯವಾದ ಬಿಲ್ಲು, ಕಾಯಿಸುವ ಅಭ್ಯಾಸವಿಲ್ಲ. ಕೆಳದವಡೆಯ ಹಲ್ಲೊಂದಕ್ಕೆ ಬೇರಿನ ಚಿಕಿತ್ಸೆ ಆಗಬೇಕಿತ್ತು. ಸೂಜಿ ಚುಚ್ಚಿದರು, ಅರ್ಧ ತುಟಿ, ಅರ್ಧ ನಾಲಿಗೆ ನನ್ನದಲ್ಲವಾಯಿತು. ಬಾಯೊಳಗೆ ಹತ್ತಿಯ ಸುರುಳಿ, ಎಂಜಲು ಹೀರುವ ಕೊಳವೆ, ಕನ್ನಡಿ, ಕೊರೆಯುವ ಯಂತ್ರ, ಅವರ ಎರಡೂ ಕೈ. ಹೀಗೆ ನನ್ನನ್ನು ಸಂಪೂರ್ಣ ಕೇಳುಗನನ್ನಾಗಿ ಮಾಡಿಕೊಂಡ ಮೇಲೆ ಅವರು ತಮ್ಮ ಅಚ್ಚುಮೆಚ್ಚಿನ ಸಿನಿಮಾದ ಕಥೆ ತೆಗೆದರು.

ಅದು ನನಗೆ ಕಂಡರಾಗದ ಚಿತ್ರ. ನಾಯಕ ಒಂದೇ ಕೈಯಲ್ಲಿ ಜೀಪು ಎತ್ತುತ್ತಾನೆ, ಇನ್ನೊಂದು ಕೈಯಲ್ಲಿ ಕನ್ನಡಕ ಸರಿಮಾಡಿಕೊಳ್ಳುತ್ತಾನೆ. ತಾಯಿ ಇದ್ದಾಳೆ, ಬರೀ ಕೆಮ್ಮುವುದಕ್ಕೆ. ವೈದ್ಯರು ಹೊಡೆದಾಟವೊಂದನ್ನೂ ಬಿಡಲಿಲ್ಲ. ಖಳನ ಗೋದಾಮಿಗೆ ನಾಯಕ ನುಗ್ಗುವ ಸನ್ನಿವೇಶಕ್ಕೆ ಬಂದಾಗ ಯಂತ್ರ ನಿಲ್ಲಿಸಿ, ಅದನ್ನು ಪಿಸ್ತೂಲಿನಂತೆ ಮೇಲಕ್ಕೆ ಹಿಡಿದು, ಸಂಭಾಷಣೆ ಹೇಳಿದರು. ಅವರ ಸಹಾಯಕಿ ಆ ಸಂಭಾಷಣೆಯ ಕೊನೆಯ ಎರಡು ಪದಗಳನ್ನು ಜೊತೆಗೂಡಿಸಿದಳು. ಅಂದರೆ ನನಗಿಂತ ಮೊದಲು ಆ ಕುರ್ಚಿಯಲ್ಲಿ ಮಲಗಿದ್ದವರೆಲ್ಲರಿಗೂ ಇದೇ ಗತಿಯಾಗಿತ್ತು.

“ನೋಡಿದ್ದೀರಲ್ಲವೇ?” ಎಂದು ಕೇಳಿದರು.

“ಆ... ಆ...” ಎಂದೆ. ನೋಡಿದ್ದೇನೆ, ಅರ್ಧಕ್ಕೆ ಎದ್ದು ಬಂದಿದ್ದೇನೆ, ಅದನ್ನು ಮೆಚ್ಚಿದವರ ಕೈಗೆ ನನ್ನ ದವಡೆ ಕೊಟ್ಟದ್ದಕ್ಕೆ ಮರುಗುತ್ತಿದ್ದೇನೆ ಎಂಬುದೆಲ್ಲ ಅದರಲ್ಲಿತ್ತು. ಅವರು ಮೊದಲ ಮೂರನೇ ಒಂದು ಭಾಗವನ್ನು ಮಾತ್ರ ತೆಗೆದುಕೊಂಡರು.

“ಕೊನೆಯಲ್ಲಿ ಕಣ್ಣೀರು ಬಂತೋ ಇಲ್ಲವೋ?”

ಆ ಕ್ಷಣಕ್ಕೆ ನನ್ನ ಕಣ್ಣಲ್ಲಿ ನೀರಿತ್ತು. ಸೂಜಿಯ ಪ್ರಭಾವ ಆ ಮೂಲೆಯವರೆಗೆ ಮುಟ್ಟಿರಲಿಲ್ಲ. ಅವರು ಸಹಾಯಕಿಯ ಕಡೆ ತಿರುಗಿ, “ನೋಡು, ಇವರಿಗೆ ನೆನೆಸಿಕೊಂಡರೇ ಬರುತ್ತದೆ” ಎಂದರು.

ಎಲ್ಲ ಮುಗಿದು ಎದ್ದು ಕೂತಾಗ ಉತ್ತರ ಕೊಡಬಹುದಿತ್ತು ಎನ್ನುತ್ತೀರಿ. ಒಂದು ಕಡೆಯಿಂದ ಜೊಲ್ಲು ಸುರಿಸುತ್ತಾ ಪಕಾರ, ಬಕಾರಗಳಿಲ್ಲದೆ ಚಿತ್ರವಿಮರ್ಶೆ ಮಾಡಿ ಗೆದ್ದವರಿಲ್ಲ. ತಾತ್ಕಾಲಿಕ ಸಿಮೆಂಟು ಹಾಕಿಸಿಕೊಂಡು, ಮುಂದಿನ ವಾರ ಬನ್ನಿ ಎಂಬ ಚೀಟಿ ಜೇಬಿಗಿಟ್ಟುಕೊಂಡು ಬಂದೆ. ಮುಂದಿನ ವಾರ ಹೋಗಲಿಲ್ಲ. ಮನೆಯವರು, ಅವರು ಹಲ್ಲು ಚೆನ್ನಾಗಿ ನೋಡುತ್ತಾರಲ್ಲ, ನಿಮಗೆ ಇನ್ನೇನು ಬೇಕು ಎಂದರು. ನನಗೆ ಬೇಕಾದದ್ದು ಇಷ್ಟೇ: ನನ್ನ ನರದ ತುದಿಯಲ್ಲಿ ಕೆಲಸ ಮಾಡುವವರಿಗೆ ನಟನೆಗೂ ಅರಚಾಟಕ್ಕೂ ಇರುವ ವ್ಯತ್ಯಾಸ ಗೊತ್ತಿರಬೇಕು. ಅದು ದಂತವೈದ್ಯ ಶಾಸ್ತ್ರದಲ್ಲಿ ಬರುವುದಿಲ್ಲವಂತೆ. ಬರಬೇಕು. ಹೀಗಾಗಿ ಅರವತ್ತು ಕಿಲೋಮೀಟರು ದೂರದ ಹಾಸನ. ಅಲ್ಲಿನ ವೈದ್ಯರು ಮಾತೇ ಆಡುವುದಿಲ್ಲ. ಅವರ ಮೆಚ್ಚಿನ ಚಿತ್ರ ಯಾವುದೆಂದು ನಾನಾಗಿ ಕೇಳುವ ಸಾಹಸಕ್ಕೂ ಹೋಗಿಲ್ಲ.

ಊಟದ ರುಚಿಯಲ್ಲಿ ನಾನು ಇಷ್ಟು ಕಟ್ಟುನಿಟ್ಟಲ್ಲ. ಅಕ್ಕಿರೊಟ್ಟಿಗೆ ಸಕ್ಕರೆ ಹಾಕಿಕೊಂಡು ತಿನ್ನುವವರ ಜೊತೆ ಒಂದೇ ಪಂಕ್ತಿಯಲ್ಲಿ ಕೂತಿದ್ದೇನೆ. ಮತ ಹಾಕುವ ವಿಷಯದಲ್ಲಂತೂ ನಮ್ಮ ಮನೆಯಲ್ಲೇ ನಾಲ್ಕು ಪಕ್ಷಗಳಿವೆ, ಎಲ್ಲರಿಗೂ ಒಂದೇ ಒಲೆ. ಸಿನಿಮಾ ಬಂದಾಗ ಮಾತ್ರ ಒಳಗಿನಿಂದ ಏನೋ ಮುರಿಯುತ್ತದೆ. ಸಾವಿನ ದೃಶ್ಯದಲ್ಲಿ ಥಿಯೇಟರಿನ ಕತ್ತಲಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ಆ ನಗು ನಮ್ಮ ಬ್ಯಾಂಕಿನ ನಿವೃತ್ತ ವ್ಯವಸ್ಥಾಪಕರದೆಂದು ಗುರುತು ಹತ್ತಿತು. ಅಷ್ಟು ವರ್ಷ ಇವರ ಸಹಿಯಿಂದಲೇ ನನಗೆ ಬೆಳೆ ಸಾಲ ಸಿಕ್ಕಿತ್ತು ಎಂಬುದು ಆಮೇಲೆ ಬಹಳ ದಿನ ಇರುಸುಮುರುಸು ಮಾಡಿತು.

ಹಾಗೆಂದು ದೊಡ್ಡ ಅಭಿರುಚಿಯವರೆಂದು ಹೇಳಿಕೊಳ್ಳುವವರ ಮೇಲೆ ಗೌರವ ಹೆಚ್ಚುತ್ತದೆಯೇ? ಇಲ್ಲ. ‘ಸಂಸ್ಕಾರ’ ಚಿತ್ರೀಕರಣವಾದದ್ದು ನಮ್ಮ ಜಿಲ್ಲೆಯ ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ, ಅದು ಸ್ವರ್ಣಕಮಲ ಗೆದ್ದ ಮೊದಲ ಕನ್ನಡ ಚಿತ್ರ ಎಂಬ ಎರಡೇ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಮದುವೆಮನೆಗಳಲ್ಲಿ ಓಡಾಡುವವರಿದ್ದಾರೆ. ಪ್ರಾಣೇಶಾಚಾರ್ಯರ ಪಾತ್ರ ಮಾಡಿದ್ದು ಯಾರು ಎಂದು ಕೇಳಿ ನೋಡಿ, ಪಾಯಸ ಬಡಿಸುವವನನ್ನು ಕೂಗುತ್ತಾರೆ. ಗಿರೀಶ ಕಾರ್ನಾಡರನ್ನು ಅದರಲ್ಲಿ ಕಂಡವರು ಹಾಗೆ ಕೂಗುವುದಿಲ್ಲ. ಇವರಿಗಿಂತ ಆ ಜೀಪು ಎತ್ತಿಸಿದ ವೈದ್ಯರು ಎಷ್ಟೋ ಮೇಲು. ಅವರು ನೋಡಿಯಾದರೂ ಹಾಳಾಗಿದ್ದರು. ಇನ್ನು “ಪರವಾಗಿಲ್ಲ, ಒಂದು ಸಲ ನೋಡಬಹುದು” ಎನ್ನುವ ಜಾತಿಯವರು. ಎಲ್ಲ ಚಿತ್ರಕ್ಕೂ ಅದೇ ಮಾತು. ಅವರಿಗೆ ಹೆಣ್ಣು ಕೊಡಬಾರದು.

ಮನುಷ್ಯರನ್ನು ಅಳೆಯುವುದಕ್ಕೆ ಇದೇ ಸರಿಯಾದ ಮಾಪಕವೆಂದು ಒಂದು ಸಿದ್ಧಾಂತವನ್ನೇ ಮಂಡಿಸುವ ಯೋಚನೆ ನನಗಿತ್ತು. ಕೈ ತಡೆದದ್ದು ನಮ್ಮ ತೋಟದ ಪಕ್ಕದವನು. ಅಭಿರುಚಿಯಲ್ಲಿ ಅವನಿಗೂ ನನಗೂ ಕೂದಲೆಳೆಯಷ್ಟೂ ಅಂತರವಿಲ್ಲ. ನಾನು ಎದ್ದು ಬಂದ ಚಿತ್ರಗಳಿಂದ ಅವನೂ ಎದ್ದು ಬಂದಿದ್ದಾನೆ. ನಾನು ಉಸಿರು ಬಿಗಿಹಿಡಿಯುವಲ್ಲಿ ಅವನೂ ಬಿಗಿಹಿಡಿಯುತ್ತಾನೆ. ಊರವರನ್ನು ಹಿಂಡುವ ಭೂತಯ್ಯನಾಗಿ ಎಂ.ಪಿ. ಶಂಕರ್ ಕಾಣಿಸಿಕೊಂಡರೆ ಹಲ್ಲು ಕಡಿಯುತ್ತಾನೆ, ನೆರೆ ಬರುವ ದೃಶ್ಯಕ್ಕೆ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾನೆ. ಅದೂ ಸಹಜ ವೇಗದಲ್ಲಿ, ಒಂದು ಚೌಕಟ್ಟನ್ನೂ ಹಾರಿಸದೆ. ಆಮೇಲೆ ಮನೆಗೆ ಹೋಗಿ, ಪ್ರತಿ ಮಳೆಗಾಲದಂತೆ, ಬೇಲಿಯ ಕಲ್ಲುಗಂಬಗಳನ್ನು ನನ್ನ ಕಡೆಗೆ ಒಂದು ಗೇಣು ಸರಿಸುತ್ತಾನೆ. ಈಗ ನನ್ನ ಎರಡು ಸಿಲ್ವರ್ ಮರಗಳು, ಅವುಗಳ ಮೆಣಸಿನ ಬಳ್ಳಿಗಳ ಸಮೇತ, ಆ ರಸಿಕನ ತೋಟದಲ್ಲಿವೆ. ಮೆಣಸನ್ನೂ ಅವನೇ ಕೊಯ್ದುಕೊಂಡ.

ಅಳತೆಗೆ ಸೋಮವಾರ ಸರ್ವೇಯರ್ ಬರುತ್ತಾರೆ. ಅವರ ಹತ್ತಿರ ಸಿನಿಮಾದ ಮಾತು ಎತ್ತುವುದಿಲ್ಲವೆಂದು ಮನೆಯವರು ನನ್ನಿಂದ ಭಾಷೆ ತೆಗೆದುಕೊಂಡಿದ್ದಾರೆ.